ಗೆದ್ದವರು ಯಾರು ಅಂತ ಗೊತ್ತು, ಈಗ ನೋಡೋಣ: ಹಳೆಯ ರೆಸ್ಲಿಂಗ್ ಪಂದ್ಯಗಳನ್ನು ಮತ್ತೆ ನೋಡಲು ಒಂದು ಮಾರ್ಗದರ್ಶಿ

ಹಳೆಯ ರೆಸ್ಲಿಂಗ್ ಪಂದ್ಯ ಹಾಕಿಕೊಂಡು ಕೂತವರನ್ನು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಯಾರು ಗೆಲ್ಲುತ್ತಾರೆ ಅಂತ ಗೊತ್ತಲ್ವಾ, ಮತ್ತೆ ಯಾಕೆ ನೋಡೋದು?" ಗೊತ್ತಿರುವುದಕ್ಕೇ ನೋಡಬೇಕು ಅನ್ನುವುದು ನನ್ನ ಉತ್ತರ. ಮೊದಲ ಸಲ ನೋಡುವಾಗ ಗಮನವೆಲ್ಲ ಫಲಿತಾಂಶದ ಮೇಲೆ. ಎದುರಾಳಿಯನ್ನು ನೆಲಕ್ಕೊತ್ತಿ ಮೂರು ಎಣಿಸುವವರೆಗೆ ಹಿಡಿದರೆ ಗೆಲುವು; ರೆಫರಿ ಒಂದು, ಎರಡು ಅಂತ ನೆಲ ಬಡಿಯುವಾಗ ಮೂರನೆಯದು ಬೀಳುತ್ತದಾ ಇಲ್ಲವಾ ಅನ್ನುವುದು ಬಿಟ್ಟು ಬೇರೇನೂ ತಲೆಗೆ ಹೋಗುವುದಿಲ್ಲ. ಎರಡನೇ ಸಲ ಆ ಆತಂಕ ಇರುವುದಿಲ್ಲ. ರಿಂಗ್‌ನಲ್ಲಿರುವ ಇಬ್ಬರಿಗೂ ಫಲಿತಾಂಶ ಮೊದಲೇ ಗೊತ್ತಿತ್ತು (ಇದು ಮೊದಲೇ ಹೆಣೆದ ಆಟ), ಈಗ ನಮಗೂ ಗೊತ್ತು. ಅಲ್ಲಿಗೆ ಹೇಗೆ ಹೋಗಿ ಮುಟ್ಟಿದರು ಅನ್ನುವುದು ಆಗ ಕಣ್ಣಿಗೆ ಬೀಳುತ್ತದೆ.

ಕೆಳಗೆ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಎಲ್ಲ ಹೆಜ್ಜೆಗಳಲ್ಲೂ ಓಡುವ ಮಾತು ಒಂದೇ: ಹೊಡೆಯುವವನನ್ನು ಬಿಡಿ, ಹೊಡೆತ ತಿನ್ನುವವನನ್ನು ನೋಡಿ. ಒಳ್ಳೆಯ ಪಂದ್ಯ ಮಾಡುವವನು ಅವನೇ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಹೆಜ್ಜೆ 1: ಒಂದೇ ಪಂದ್ಯ ಆರಿಸಿ, ಪೂರ್ತಿ ನೋಡಿ

ಮೂರು ನಾಲ್ಕು ಗಂಟೆಯ ಇಡೀ ಕಾರ್ಯಕ್ರಮ ಹಾಕಿಕೊಂಡು ಕೂರಬೇಡಿ. ಅರ್ಧಕ್ಕೆ ಬರುವಷ್ಟರಲ್ಲಿ ಕಣ್ಣು ಸೋತು, ಒಳ್ಳೆಯ ಪಂದ್ಯ ಬರುವಾಗ ಗಮನ ಎಲ್ಲೋ ಇರುತ್ತದೆ. ಒಮ್ಮೆ ಕೂತರೆ ಒಂದು ಪಂದ್ಯ ಸಾಕು. ಹಾಗೆಯೇ, ತುಣುಕು ನೋಡಿ "ನೋಡಿದ್ದೇನೆ" ಅಂದುಕೊಳ್ಳಬೇಡಿ. ರೆಸ್ಲಿಂಗ್‌ನಲ್ಲಿ ಕೊನೆಯ ಎರಡು ನಿಮಿಷಕ್ಕೆ ಬೆಲೆ ಬರುವುದು ಹಿಂದಿನ ಹದಿನೈದು ನಿಮಿಷದಿಂದ. ತುಣುಕಿನಲ್ಲಿ ಸಿಗುವುದು ಆ ಎರಡು ನಿಮಿಷ ಮಾತ್ರ.

ಮೊದಲಿಗೆ ಯಾವುದು? ನನ್ನ ಆಯ್ಕೆಯಲ್ಲಿ ಅನುಮಾನವೇ ಇಲ್ಲ. 1987ರ ಮಾರ್ಚ್ 29ರಂದು ಮಿಶಿಗನ್ನಿನ ಪಾಂಟಿಯಾಕ್ ಸಿಲ್ವರ್‌ಡೋಮ್‌ನಲ್ಲಿ ನಡೆದ ರೆಸಲ್‌ಮೇನಿಯಾ 3ರ ರಾಂಡಿ ಸ್ಯಾವೇಜ್ ಮತ್ತು ರಿಕಿ ಸ್ಟೀಮ್‌ಬೋಟ್ ಪಂದ್ಯ. ಇಂಟರ್‌ಕಾಂಟಿನೆಂಟಲ್ ಪಟ್ಟಕ್ಕಾಗಿ ನಡೆದದ್ದು. ಹದಿನೈದು ನಿಮಿಷವೂ ಇಲ್ಲ. ಅಷ್ಟರಲ್ಲಿ ಒಂದು ಕ್ಷಣವೂ ಸುಮ್ನೆ ಹೋಗುವುದಿಲ್ಲ.

ಎಲ್ಲಿ ಸಿಗುತ್ತದೆ ಅನ್ನುವುದರ ಬಗ್ಗೆ ಎರಡು ಮಾತು. ರೆಸಲ್‌ಮೇನಿಯಾ ಅನ್ನುವ ವಾರ್ಷಿಕ ದೊಡ್ಡ ಕಾರ್ಯಕ್ರಮ ನಡೆಸುವ ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆ 2001ರಲ್ಲಿ ತನ್ನ ದೊಡ್ಡ ಎದುರಾಳಿ ಡಬ್ಲ್ಯುಸಿಡಬ್ಲ್ಯುವನ್ನು ಕೊಂಡುಕೊಂಡಿತು. ಮರುವರ್ಷ ತನ್ನ ಹೆಸರನ್ನೇ ಡಬ್ಲ್ಯುಡಬ್ಲ್ಯುಇ ಅಂತ ಬದಲಿಸಿಕೊಂಡಿತು. ಹಾಗಾಗಿ ಅಮೆರಿಕದ ಹಳೆಯ ಪಂದ್ಯಗಳಲ್ಲಿ ಬಹುಪಾಲು ಇವತ್ತು ಒಂದೇ ಸಂಸ್ಥೆಯ ಸಂಗ್ರಹದಲ್ಲಿವೆ. ಅವರೇ ಅಧಿಕೃತವಾಗಿ ಹಾಕಿರುವ ಪ್ರತಿ ಹುಡುಕಿ. ಚಿತ್ರ ಚೆನ್ನಾಗಿರುತ್ತದೆ, ಪಂದ್ಯ ಪೂರ್ತಿ ಇರುತ್ತದೆ. ಒಂದೇ ಕೊರತೆ, ಹಕ್ಕಿನ ಕಾರಣಕ್ಕೆ ಕೆಲವು ಕಡೆ ಆಟಗಾರ ಒಳಗೆ ಬರುವಾಗಿನ ಸಂಗೀತ ಬದಲಾಗಿರುತ್ತದೆ. ಮೊದಲು ಕೇಳಿದವರಿಗೆ ಅದು ತಟ್ಟನೆ ಗೊತ್ತಾಗುತ್ತದೆ.

ಹೆಜ್ಜೆ 2: ಜಗಳ ಶುರುವಾದದ್ದು ಹೇಗೆ ಅಂತ ತಿಳಿದುಕೊಳ್ಳಿ

ಇದಕ್ಕೆ ಹತ್ತು ನಿಮಿಷ ಸಾಕು, ಆದರೆ ಬಿಡಬೇಡಿ. ಸ್ಯಾವೇಜ್–ಸ್ಟೀಮ್‌ಬೋಟ್ ಪಂದ್ಯಕ್ಕೆ ಕೆಲವು ತಿಂಗಳ ಹಿಂದೆ, 1986ರ ಕೊನೆಯಲ್ಲಿ, ಸ್ಯಾವೇಜ್ ರಿಂಗ್ ಪಕ್ಕದ ಗಂಟೆ ಹಿಡಿದು ಮೇಲಿನಿಂದ ಹಾರಿ ಸ್ಟೀಮ್‌ಬೋಟ್‌ನ ಗಂಟಲಿಗೆ ಹೊಡೆದಿದ್ದ. ಸ್ಟೀಮ್‌ಬೋಟ್‌ಗೆ ಮಾತೇ ಹೋಯಿತು ಅನ್ನುವುದು ಕಥೆ. ಇದು ಗೊತ್ತಿದ್ದರೆ ಪಂದ್ಯದ ನಡುವೆ ಸ್ಯಾವೇಜ್ ಎದುರಾಳಿಯ ಗಂಟಲಿಗೆ ಗುರಿಯಿಟ್ಟಾಗ ಮೈ ಜುಂ ಅನ್ನುತ್ತದೆ. ಗೊತ್ತಿಲ್ಲದಿದ್ದರೆ ಅದೂ ಇನ್ನೊಂದು ಹೊಡೆತ ಅಷ್ಟೇ.

ಕೊನೆಯಲ್ಲಿ ಆ ಗಂಟೆ ಮತ್ತೆ ಬರುತ್ತದೆ. ರೆಫರಿ ಪೆಟ್ಟು ತಿಂದು ಬಿದ್ದಿರುತ್ತಾನೆ. ಸ್ಯಾವೇಜ್ ಅದೇ ಗಂಟೆ ತಂದು ಹಗ್ಗದ ಮೇಲೆ ಹತ್ತುತ್ತಾನೆ. ಸ್ಟೀಮ್‌ಬೋಟ್ ಪರವಾಗಿ ನಿಂತಿದ್ದ ಜಾರ್ಜ್ ಸ್ಟೀಲ್ ಅವನನ್ನು ಕೆಳಕ್ಕೆ ತಳ್ಳುತ್ತಾನೆ. ಎದ್ದ ಸ್ಯಾವೇಜ್ ಸ್ಟೀಮ್‌ಬೋಟ್‌ನನ್ನು ಎತ್ತಿ ಒಗೆಯಲು ಹೋಗುತ್ತಾನೆ. ಸ್ಟೀಮ್‌ಬೋಟ್ ಆ ಎತ್ತುವಿಕೆಯಲ್ಲೇ ಅವನ ಕುತ್ತಿಗೆ, ಕಾಲು ಎರಡನ್ನೂ ಸುತ್ತಿ ಹಿಡಿದು ಉಂಡೆ ಮಾಡಿ ನೆಲಕ್ಕೆ ಒತ್ತುತ್ತಾನೆ. ಈ ಪಟ್ಟಿಗೆ ಸ್ಮಾಲ್ ಪ್ಯಾಕೇಜ್ ಅನ್ನುತ್ತಾರೆ. ಒಂದು, ಎರಡು, ಮೂರು. ಈ ಪಟ್ಟನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೆಜ್ಜೆ 3: ಮೊದಲ ಸಲ ಏನನ್ನೂ ಹುಡುಕಬೇಡಿ

ಫೋನ್ ದೂರ ಇಡಿ. ವೇಗ ಹೆಚ್ಚಿಸಿ ನೋಡಬೇಡಿ. ಸಮಯದ ಲೆಕ್ಕವೇ ರೆಸ್ಲಿಂಗ್‌ನ ಅರ್ಧ ಕೆಲಸ, ವೇಗ ಹೆಚ್ಚಿಸಿದರೆ ಅದೇ ಹಾಳಾಗುತ್ತದೆ. ಬಿದ್ದವನು ಏಳಲು ಎಷ್ಟು ಹೊತ್ತು ತೆಗೆದುಕೊಂಡ ಅನ್ನುವುದರಲ್ಲೇ ಆ ಹೊಡೆತ ಎಷ್ಟು ಜೋರಾಗಿತ್ತು ಅಂತ ನಮಗೆ ತಿಳಿಯುವುದು.

ಯಾರು ಎಷ್ಟು ಸ್ಟಾರ್ ಕೊಟ್ಟಿದ್ದಾರೆ ಅಂತಲೂ ಮೊದಲೇ ನೋಡಬೇಡಿ. ರೆಸ್ಲಿಂಗ್ ವರದಿಗಾರ ಡೇವ್ ಮೆಲ್ಟ್ಜರ್ ಕೊಡುವ ಸ್ಟಾರ್‌ಗಳ ಮೇಲೆ ಅಭಿಮಾನಿಗಳು ದಶಕಗಳಿಂದ ಜಗಳ ಆಡುತ್ತಿದ್ದಾರೆ. ಸ್ಯಾವೇಜ್–ಸ್ಟೀಮ್‌ಬೋಟ್‌ಗೆ ಅವರು ಕೊಟ್ಟದ್ದು ಐದಕ್ಕೆ ನಾಲ್ಕೂವರೆ. ಅದೇ ರಾತ್ರಿಯ ಹಲ್ಕ್ ಹೋಗನ್–ಆಂಡ್ರೆ ದ ಜೈಂಟ್ ಪಂದ್ಯಕ್ಕೆ ಸೊನ್ನೆಗಿಂತಲೂ ಕೆಳಗೆ. ಆ ಲೆಕ್ಕ ತಲೆಯಲ್ಲಿಟ್ಟುಕೊಂಡು ಕೂತರೆ ಮೊದಲನೆಯದರಲ್ಲಿ ಉಳಿದ ಅರ್ಧ ಸ್ಟಾರ್ ಎಲ್ಲಿ ಹೋಯಿತು ಅಂತ ಹುಡುಕುತ್ತೀರಿ, ಎರಡನೆಯದನ್ನು ನೋಡುವುದೇ ಇಲ್ಲ. ನನ್ನ ಪ್ರಕಾರ ಎರಡೂ ನಷ್ಟವೇ.

ಹೆಜ್ಜೆ 4: ಎರಡನೇ ಸಲ, ಹೊಡೆತ ತಿನ್ನುವವನನ್ನು ನೋಡಿ

ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಬೇಕಾದ ಹೆಜ್ಜೆ ಇದು.

ಗುದ್ದು ಬೀಳುವಾಗ ನಮ್ಮ ಕಣ್ಣು ತಾನಾಗಿ ಗುದ್ದುವವನ ಕೈ ಹಿಂದೆ ಹೋಗುತ್ತದೆ. ಬೇಕಂತಲೇ ಅದನ್ನು ತಡೆಯಿರಿ. ಗುದ್ದಿಸಿಕೊಂಡವನ ಮುಖ, ಮೊಣಕಾಲು, ಬೆರಳು ನೋಡಿ. ರೆಸ್ಲಿಂಗ್ ಜನ ಇದಕ್ಕೆ ಸೆಲ್ಲಿಂಗ್ ಅನ್ನುತ್ತಾರೆ. ನೋವನ್ನು ನಮಗೆ ಮುಟ್ಟಿಸುವ ಕೆಲಸ. ಇದರಲ್ಲಿ ಗಮನಿಸಬೇಕಾದದ್ದು ಮುಖ್ಯವಾಗಿ ಎರಡು. ಹೊಡೆತ ಬಿದ್ದ ಜಾಗಕ್ಕೂ ಅವನು ಹಿಡಿದುಕೊಂಡ ಜಾಗಕ್ಕೂ ಹೊಂದುತ್ತದಾ? ಐದು ನಿಮಿಷ ಕಳೆದ ಮೇಲೂ, ಅವನದೇ ಕೈ ಮೇಲಾದಾಗಲೂ, ಆ ನೋವು ನೆನಪಿದೆಯಾ? ಎರಡನೆಯದೇ ನಿಜವಾದ ಪರೀಕ್ಷೆ. ಸಾಧಾರಣ ಆಟಗಾರ ತನ್ನ ಸರದಿ ಬಂದ ತಕ್ಷಣ ಕುಂಟುವುದನ್ನು ಮರೆಯುತ್ತಾನೆ.

ಇದಕ್ಕೆ ನಾನು ತೋರಿಸುವ ಪಂದ್ಯ 1997ರ ಮಾರ್ಚ್ 23ರ ರೆಸಲ್‌ಮೇನಿಯಾ 13ರದ್ದು. ಬ್ರೆಟ್ ಹಾರ್ಟ್ ಮತ್ತು ಸ್ಟೀವ್ ಆಸ್ಟಿನ್. ಒಬ್ಬ ಸೋತೆ ಅಂತ ಒಪ್ಪಿಕೊಳ್ಳುವವರೆಗೆ ನಡೆಯುವ ಪಂದ್ಯ, ರೆಫರಿ ಕೆನ್ ಶ್ಯಾಮ್‌ರಾಕ್. ಪಂದ್ಯ ಶುರುವಾದಾಗ ಬ್ರೆಟ್ ನಾಯಕ, ಆಸ್ಟಿನ್ ಖಳ. ಮುಗಿದಾಗ ಎರಡೂ ಅದಲು ಬದಲಾಗಿತ್ತು. ಒಂದೇ ಪಂದ್ಯದಲ್ಲಿ ಇಬ್ಬರೂ ಪಾತ್ರ ಬದಲಿಸಿಕೊಂಡದ್ದು ತೀರಾ ಅಪರೂಪ. ಅದಕ್ಕೆ ಈ ಪಂದ್ಯವನ್ನು ಎಲ್ಲರೂ ಹೊಗಳುತ್ತಾರೆ. ಹೇಗೆ ಸಾಧ್ಯವಾಯಿತು ಅನ್ನುವುದು ಆಸ್ಟಿನ್‌ನನ್ನು ಮಾತ್ರ ನೋಡಿದರೆ ಗೊತ್ತಾಗುತ್ತದೆ.

ಬ್ರೆಟ್ ಅವನ ಕಾಲಿನ ಹಿಂದೆ ಬೀಳುತ್ತಾನೆ. ರಿಂಗ್ ಕಂಬಕ್ಕೆ ಸುತ್ತಿ ಕಾಲು ತಿರುಚುತ್ತಾನೆ. ಕುರ್ಚಿಯಿಂದ ಹೊಡೆಯುತ್ತಾನೆ. ಆಸ್ಟಿನ್ ಅಲ್ಲಿಂದ ಮುಂದೆ ತಾನೇ ಮೇಲುಗೈ ಪಡೆದಾಗಲೂ ಕುಂಟುತ್ತಲೇ ಇರುತ್ತಾನೆ. ಮುಖದ ತುಂಬ ರಕ್ತ. ಕೊನೆಗೆ ಬ್ರೆಟ್ ತನ್ನ ಶಾರ್ಪ್‌ಶೂಟರ್ ಪಟ್ಟು ಹಾಕುತ್ತಾನೆ, ಅಂದರೆ ಕಾಲುಗಳನ್ನು ಹೆಣೆದು ಬೆನ್ನು ಹಿಂದಕ್ಕೆ ಬಾಗಿಸುವ ಪಟ್ಟು. ಈ ಜಾಗದಲ್ಲಿ ಹಿಂದಕ್ಕೆ ಹೋಗಿ ಇನ್ನೊಮ್ಮೆ ನೋಡಿ. ಆಸ್ಟಿನ್ ಕೈಯೂರಿ ಮೇಲೇಳಲು ನೋಡುತ್ತಾನೆ. ಹಲ್ಲು ಕಚ್ಚಿ ಕೂಗುತ್ತಾನೆ, ಹಲ್ಲಿನ ಸಂದಿಯಲ್ಲೂ ರಕ್ತ. ಒಂದು ಗಳಿಗೆ ಪಟ್ಟು ಬಿಡಿಸಿಕೊಂಡೇ ಬಿಟ್ಟ ಅನ್ನಿಸುತ್ತದೆ, ಬ್ರೆಟ್ ಮುಂದಕ್ಕೆ ಮುಗ್ಗರಿಸುತ್ತಾನೆ, ಜನ ಎದ್ದು ನಿಲ್ಲುತ್ತಾರೆ. ಮತ್ತೆ ಪಟ್ಟು ಬಿಗಿಯಾಗುತ್ತದೆ. ಶ್ಯಾಮ್‌ರಾಕ್ ಬಗ್ಗಿ ಬಗ್ಗಿ ಕೇಳುತ್ತಾನೆ. ಆಸ್ಟಿನ್ ಒಪ್ಪುವುದಿಲ್ಲ. ಪ್ರಜ್ಞೆ ತಪ್ಪುತ್ತದೆ, ಆದರೂ ಸೋತೆ ಅನ್ನುವ ಮಾತು ಬರುವುದಿಲ್ಲ. ಶ್ಯಾಮ್‌ರಾಕ್ ಪಂದ್ಯ ನಿಲ್ಲಿಸಿ ಗೆಲುವನ್ನು ಬ್ರೆಟ್‌ಗೆ ಕೊಡುತ್ತಾನೆ.

ಆಮೇಲೆ ಬ್ರೆಟ್ ಬಿದ್ದವನ ಕಾಲಿಗೇ ಮತ್ತೆ ಹೊಡೆಯುತ್ತಾನೆ. ಶ್ಯಾಮ್‌ರಾಕ್ ಅವನನ್ನು ಎಳೆದು ಹಾಕುತ್ತಾನೆ. ಗೆದ್ದವನಿಗೆ ಜನ ಛೀಮಾರಿ ಹಾಕುತ್ತಾರೆ. ಸೋತವನು ಯಾರ ಸಹಾಯವೂ ಬೇಡ ಅಂತ ಕುಂಟುತ್ತಾ ಒಬ್ಬನೇ ನಡೆದು ಹೋಗುವಾಗ ಅವನ ಹೆಸರು ಕೂಗುತ್ತಾರೆ. ಮುಂದಿನ ವರ್ಷಗಳಲ್ಲಿ ಆಸ್ಟಿನ್ ಗೆದ್ದ ಪಟ್ಟಗಳು ಎಷ್ಟೋ ಇವೆ. ಅವನನ್ನು ದೊಡ್ಡವನನ್ನಾಗಿ ಮಾಡಿದ್ದು ಈ ಸೋಲು ಅಂತಲೇ ನಾನು ಹೇಳುತ್ತೇನೆ. ಬ್ರೆಟ್‌ಗೂ ಇದರಲ್ಲಿ ಅಷ್ಟೇ ಪಾಲಿದೆ. ತನ್ನ ಮೇಲಿದ್ದ ಪ್ರೀತಿಯನ್ನು ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ತಾನೇ ಕೈಯಾರೆ ಕಳೆದುಕೊಳ್ಳುವುದು ಸಣ್ಣ ಕೆಲಸ ಅಲ್ಲ.

ಹೆಜ್ಜೆ 5: ಮೂರನೇ ಸಲ, ಜನರನ್ನು ಕೇಳಿಸಿಕೊಳ್ಳಿ

ಕಣ್ಣು ಮುಚ್ಚಿ ಐದು ನಿಮಿಷ ಬರೀ ಸದ್ದು ಕೇಳಿ. ಗದ್ದಲ ಎಲ್ಲಿ ಏರುತ್ತದೆ, ಎಲ್ಲಿ ಒಮ್ಮೆಲೇ ನಿಲ್ಲುತ್ತದೆ ಅಂತ ಗೊತ್ತಾಗುತ್ತದೆ. ಆಮೇಲೆ ಅದೇ ಐದು ನಿಮಿಷ ಸದ್ದಿಲ್ಲದೆ ನೋಡಿ. ವೀಕ್ಷಕ ವಿವರಣೆ ಎಷ್ಟು ಕೆಲಸ ಮಾಡುತ್ತಿತ್ತು ಅನ್ನುವುದು ಆಗ ತಿಳಿಯುತ್ತದೆ. ಕೆಲವು ಪಂದ್ಯಗಳನ್ನು ವಿವರಣೆಗಾರ ಜಿಮ್ ರಾಸ್‌ನ ಕಂಠವೇ ಅರ್ಧ ಹೊತ್ತುಕೊಂಡು ಹೋಗುತ್ತದೆ. ಅದು ಪಂದ್ಯದ ಕೊರತೆ ಅಂತ ನಾನು ಅನ್ನುವುದಿಲ್ಲ, ಆದರೆ ಗೊತ್ತಿರಬೇಕು.

ಈ ಹೆಜ್ಜೆಗೆ ತಕ್ಕ ಪಂದ್ಯ 2002ರ ಮಾರ್ಚ್ 17ರದ್ದು. ಟೊರಾಂಟೊ ಸ್ಕೈಡೋಮ್‌ನಲ್ಲಿ ರಾಕ್ ಮತ್ತು ಹಲ್ಕ್ ಹೋಗನ್. ಕಥೆಯ ಪ್ರಕಾರ ಹೋಗನ್ ಖಳ, ರಾಕ್ ಜನರ ಮೆಚ್ಚಿನವನು. ಆದರೆ ಆ ಕ್ರೀಡಾಂಗಣದ ಜನ ಬಾಲ್ಯದಲ್ಲಿ ತಾವು ಪ್ರೀತಿಸಿದ ಹೋಗನ್‌ನನ್ನು ಬಿಟ್ಟುಕೊಡಲಿಲ್ಲ. ರಾಕ್‌ಗೇ ಛೀಮಾರಿ ಬಿತ್ತು. ಇಬ್ಬರೂ ಅಲ್ಲೇ, ಆ ನಿಮಿಷದಲ್ಲೇ ಆಟ ಬದಲಿಸಿದರು. ಪಂದ್ಯದ ಆರಂಭದಲ್ಲಿ ಇಬ್ಬರೂ ಮುಖಾಮುಖಿ ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ಜನರ ಕಡೆ ನೋಡುತ್ತಾರಲ್ಲ, ಆ ದೃಶ್ಯ ನಿಲ್ಲಿಸಿ ನೋಡಿ. ಇನ್ನೂ ಒಂದು ಪಟ್ಟೂ ಬಿದ್ದಿಲ್ಲ. ಗೆದ್ದದ್ದು ರಾಕ್. ಪಟ್ಟುಗಳ ಲೆಕ್ಕದಲ್ಲಿ ತೀರಾ ಸರಳ ಪಂದ್ಯ. ಆದರೂ ಇಷ್ಟು ಗಂಟಲು ಹರಿಯುವ ಕೂಗು ಮತ್ತೆಲ್ಲೂ ಕೇಳಿಲ್ಲ ಅನ್ನಿಸುತ್ತದೆ.

ಜಪಾನಿನ ಪಂದ್ಯಗಳಿಗೆ ಬಂದರೆ ಕಿವಿಯನ್ನು ಬೇರೆ ರೀತಿ ತಯಾರು ಮಾಡಿಕೊಳ್ಳಬೇಕು. 1990ರ ದಶಕದ ಆಲ್ ಜಪಾನ್ ಸಂಸ್ಥೆಯ ಪಂದ್ಯಗಳಲ್ಲಿ ಜನ ಮೊದಮೊದಲು ಶಾಂತವಾಗಿ ಕೂತಿರುತ್ತಾರೆ. ಬೇಸರ ಆಗಿದೆ ಅಂತ ಅಂದುಕೊಳ್ಳಬೇಡಿ, ಅವರು ಗಮನವಿಟ್ಟು ನೋಡುತ್ತಿರುತ್ತಾರೆ. ಅರ್ಧ ಗಂಟೆ ಕಳೆದ ಮೇಲೆ ಅದೇ ಜನ ಕಾಲಿನಿಂದ ನೆಲ ಬಡಿಯುತ್ತಾ ಹೆಸರು ಕೂಗುವುದು ಕೇಳಿದರೆ, ಆ ಮೌನ ಯಾತಕ್ಕೆ ಬೇಕಿತ್ತು ಅಂತ ಅರ್ಥವಾಗುತ್ತದೆ.

ಹೆಜ್ಜೆ 6: ಒಂದು ಸರಣಿಯನ್ನು ಕ್ರಮವಾಗಿ ನೋಡಿ

ಒಂಟಿ ಪಂದ್ಯಗಳು ರೂಢಿಯಾದ ಮೇಲೆ ಸರಣಿಗೆ ಕೈ ಹಾಕಿ. ರಿಕ್ ಫ್ಲೇರ್ ಮತ್ತು ರಿಕಿ ಸ್ಟೀಮ್‌ಬೋಟ್, 1989, ಮೂರು ಪಂದ್ಯ. ಎನ್‌ಡಬ್ಲ್ಯುಎ ಅನ್ನುವ ರೆಸ್ಲಿಂಗ್ ಒಕ್ಕೂಟದ ವಿಶ್ವ ಪಟ್ಟಕ್ಕಾಗಿ. ಇದಕ್ಕಿಂತ ಒಳ್ಳೆಯ ಸರಣಿ ಅಮೆರಿಕದಲ್ಲಿ ಆಗಿಲ್ಲ ಅನ್ನುವವರ ಪಾಳೆಯದಲ್ಲಿ ನಾನಿದ್ದೇನೆ.

ಮೊದಲನೆಯದು ಫೆಬ್ರವರಿ 20, ಶಿಕಾಗೊ. ಎರಡನೆಯದು ಏಪ್ರಿಲ್ 2, ನ್ಯೂ ಆರ್ಲಿಯನ್ಸ್, ಮೂರರಲ್ಲಿ ಎರಡು ಸುತ್ತು ಗೆಲ್ಲಬೇಕಾದ ಪಂದ್ಯ, ಒಂದು ಗಂಟೆಗೆ ಸ್ವಲ್ಪ ಕಡಿಮೆ. ಮೂರನೆಯದು ಮೇ 7, ನ್ಯಾಶ್‌ವಿಲ್. ಒಂದೇ ದಿನ ಮೂರನ್ನೂ ನೋಡಬೇಡಿ. ನಡುವೆ ಒಂದೆರಡು ದಿನ ಬಿಡಿ, ಪಂದ್ಯ ತಲೆಯಲ್ಲಿ ಇಳಿಯಲಿ.

ಫ್ಲೇರ್ ಸೂಟುಬೂಟು, ಚಿನ್ನ, ಪಾರ್ಟಿಗಳ ಮನುಷ್ಯ. ಸ್ಟೀಮ್‌ಬೋಟ್ ಹೆಂಡತಿ, ಪುಟ್ಟ ಮಗನ ಜೊತೆ ಕಾಣಿಸಿಕೊಳ್ಳುವ ಸಂಸಾರಿ. ಕಥೆ ಇಷ್ಟೇ. ಉಳಿದದ್ದೆಲ್ಲ ರಿಂಗ್ ಒಳಗೆ. ಶಿಕಾಗೊದಲ್ಲಿ ಫ್ಲೇರ್ ಕಾಲಿಗೆ ಹಾಕುವ ಪ್ರಸಿದ್ಧ ಪಟ್ಟಿಗೆ ಹೋದಾಗ ಸ್ಟೀಮ್‌ಬೋಟ್ ಅವನನ್ನು ಸ್ಮಾಲ್ ಪ್ಯಾಕೇಜ್‌ನಲ್ಲಿ ಸುತ್ತಿ ಪಟ್ಟ ಗೆಲ್ಲುತ್ತಾನೆ. ನ್ಯೂ ಆರ್ಲಿಯನ್ಸ್‌ನಲ್ಲಿ ಮತ್ತೆ ಸ್ಟೀಮ್‌ಬೋಟ್ ಗೆಲುವು, ಆದರೆ ಕೊನೆಯ ಎಣಿಕೆಯಲ್ಲಿ ಫ್ಲೇರ್‌ನ ಕಾಲು ಹಗ್ಗದ ಬಳಿ ಇತ್ತು, ಹಾಗಿದ್ದರೆ ಎಣಿಕೆ ನಿಲ್ಲಿಸಬೇಕಿತ್ತು ಅನ್ನುವ ತಕರಾರು. ಆ ತಕರಾರಿಗೇ ಮೂರನೇ ಪಂದ್ಯದಲ್ಲಿ ಹಳೆಯ ಚಾಂಪಿಯನ್ನರನ್ನು ತೀರ್ಪುಗಾರರಾಗಿ ಕೂರಿಸಿದರು: ಲೂ ಥೆಸ್, ಪ್ಯಾಟ್ ಒ'ಕಾನರ್, ಟೆರಿ ಫಂಕ್.

ನ್ಯಾಶ್‌ವಿಲ್ ಪಂದ್ಯದಲ್ಲಿ ಸ್ಟೀಮ್‌ಬೋಟ್‌ನ ಮೊಣಕಾಲಿಗೆ ಪೆಟ್ಟಾಗುತ್ತದೆ. ಕೊನೆಯಲ್ಲಿ ಅವನು ಫ್ಲೇರ್‌ನನ್ನು ಎತ್ತಿ ಒಗೆಯಲು ಹೋಗುತ್ತಾನೆ. ಮೊಣಕಾಲು ತಡೆಯುವುದಿಲ್ಲ. ಫ್ಲೇರ್ ಎತ್ತಿದ ಭಂಗಿಯಲ್ಲೇ ಅವನನ್ನು ಸುತ್ತಿ ಉಂಡೆ ಮಾಡುತ್ತಾನೆ. ಸ್ಮಾಲ್ ಪ್ಯಾಕೇಜ್. ಮೂರು.

1987ರಲ್ಲಿ ಸ್ಯಾವೇಜ್ ಎತ್ತಲು ಹೋದಾಗ ಸ್ಟೀಮ್‌ಬೋಟ್ ಇದೇ ರೀತಿ ಗೆದ್ದಿದ್ದ. 1989ರಲ್ಲಿ ತಾನೇ ಎತ್ತಲು ಹೋಗಿ ಇದೇ ರೀತಿ ಸೋತ. ಬೇರೆ ಸಂಸ್ಥೆ, ಬೇರೆ ಎದುರಾಳಿ, ಬೇರೆ ಊರು. ಬೇಕಂತಲೇ ಹೆಣೆದದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಮತ್ತೆ ಮತ್ತೆ ನೋಡುವವರಿಗೆ ಸಿಗುವ ಖುಷಿ ಇಂಥದ್ದು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ನೋಡಿ. ಸ್ಟೀಮ್‌ಬೋಟ್ ಗೆದ್ದಾಗಿನ ಮುಖ, ಸೋತಾಗಿನ ಮುಖ, ಎರಡೂ ನೋಡಿ.

ಈ ಸರಣಿಯಲ್ಲಿ ಫ್ಲೇರ್ ಮೇಲೆ ಕಣ್ಣಿಟ್ಟು ಇನ್ನೊಂದು ಸುತ್ತು ನೋಡಬೇಕು. ಸರಣಿ ಶುರುವಾದಾಗ ಚಾಂಪಿಯನ್ ಅವನು, ಆದರೆ ಪಂದ್ಯ ಪೂರ್ತಿ ಬೇಡಿಕೊಳ್ಳುತ್ತಾ ಹಿಂದೆ ಸರಿಯುತ್ತಾನೆ. ಮೂಲೆಗೆ ಬಡಿದು ತಲೆಕೆಳಗಾಗಿ ಆಚೆ ಬೀಳುತ್ತಾನೆ. ಹೊಡೆತ ತಿಂದು ಎರಡು ಹೆಜ್ಜೆ ನಡೆದು ಮುಖ ಅಡಿಯಾಗಿ ಬೀಳುತ್ತಾನೆ. ಎದುರಾಳಿ ಯಾರೇ ಇರಲಿ, ಅವನನ್ನು ಗೆಲ್ಲಬಲ್ಲವನು ಅಂತ ತೋರಿಸುವುದೇ ಅವನ ಕೆಲಸ. ಊರೂರು ತಿರುಗುವ ಚಾಂಪಿಯನ್ನರು ಆ ಕಾಲದಲ್ಲಿ ಮಾಡಬೇಕಿದ್ದದ್ದೂ ಅದನ್ನೇ.

ಹೆಜ್ಜೆ 7: ನಿಧಾನದ ಭಾಗವನ್ನು ದಾಟಿಸಬೇಡಿ

ಇವತ್ತಿನ ವೇಗಕ್ಕೆ ಒಗ್ಗಿದವರಿಗೆ ಹಳೆಯ ಪಂದ್ಯದ ಮೊದಲ ಹತ್ತು ನಿಮಿಷ ಕಷ್ಟ. ತಲೆ ಹಿಡಿದ ಪಟ್ಟು, ಕೈ ತಿರುಚಿದ ಪಟ್ಟು, ನೆಲದ ಮೇಲೆ ಇಬ್ಬರೂ ಕೂತಿರುವುದು. ದಾಟಿಸಿ ಮುಂದೆ ಹೋಗೋಣ ಅನ್ನಿಸುತ್ತದೆ. ಅಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದಾರೆ, ಮುಂದೇನು ಅಂತ ಮಾತಾಡಿಕೊಳ್ಳುತ್ತಿದ್ದಾರೆ, ನಿಜ. ಅದರ ಜೊತೆ ಇನ್ನೊಂದೂ ನಡೆಯುತ್ತಿರುತ್ತದೆ: ಜನರಿಗೆ ಒಂದು ಕೈ, ಒಂದು ಕಾಲು ನೆನಪಿರುವ ಹಾಗೆ ಮಾಡುತ್ತಿದ್ದಾರೆ. ಯಾವ ಅಂಗ ಅಂತ ಗುರುತಿಟ್ಟುಕೊಳ್ಳಿ. ಕೊನೆಯಲ್ಲಿ ಅದೇ ಅಂಗದ ಲೆಕ್ಕ ಬರುತ್ತದೆ.

ಹೋಗನ್–ಆಂಡ್ರೆ ಪಂದ್ಯವನ್ನು ನಾನು ಈ ಕಾರಣಕ್ಕೇ ಬಿಟ್ಟುಕೊಡುವುದಿಲ್ಲ. ಅಂದು 93,173 ಜನ ಬಂದಿದ್ದರು ಅಂತ ಸಂಸ್ಥೆ ಹೇಳಿಕೊಂಡಿತು, ಆ ಸಂಖ್ಯೆಯ ಬಗ್ಗೆ ವಾದ ಇನ್ನೂ ನಿಂತಿಲ್ಲ. ಎಷ್ಟೇ ಇರಲಿ, ಅಷ್ಟೂ ಜನರಿಗೆ ಇದ್ದದ್ದು ಒಂದೇ ಪ್ರಶ್ನೆ: ಈ ಬೃಹತ್ ಮನುಷ್ಯನನ್ನು ಹೋಗನ್ ಎತ್ತುತ್ತಾನಾ? ಶುರುವಿನಲ್ಲೇ ಎತ್ತಲು ಹೋಗಿ ಕುಸಿಯುತ್ತಾನೆ, ಆಂಡ್ರೆ ಮೇಲೆ ಬೀಳುತ್ತಾನೆ, ಎಣಿಕೆ ಮೂರಕ್ಕೆ ಹತ್ತಿರ ಹೋಗುತ್ತದೆ. ಅಲ್ಲಿಂದ ಮುಂದೆ ಹೋಗನ್ ಬೆನ್ನು ಹಿಡಿದುಕೊಂಡೇ ಇರುತ್ತಾನೆ. ಆಂಡ್ರೆಗೆ ನಿಜಕ್ಕೂ ಬೆನ್ನುನೋವು ವಿಪರೀತ ಇತ್ತು, ಶಸ್ತ್ರಚಿಕಿತ್ಸೆ ಆಗಿತ್ತು, ಚುರುಕಾಗಿ ಆಡುವ ಸ್ಥಿತಿಯಲ್ಲೇ ಇರಲಿಲ್ಲ. ಅಂಥ ದೇಹ ಇಟ್ಟುಕೊಂಡು ಅವನು ಮಾಡಿದ್ದೇನು? ತನ್ನನ್ನು ಎತ್ತಲು ಬಿಟ್ಟುಕೊಟ್ಟ. ಆ ಒಂದು ಕ್ಷಣಕ್ಕೆ ಇಡೀ ಪಂದ್ಯ ಕಾದು ಕೂತಿತ್ತು. ಸೊನ್ನೆಗಿಂತ ಕೆಳಗಿನ ಸ್ಟಾರ್ ನನಗೆ ಒಪ್ಪಿಗೆಯಿಲ್ಲ.

ವೇಗವೇ ಬೇಕು ಅನ್ನುವವರಿಗೂ ಹಳೆಯದರಲ್ಲಿ ಇದೆ. 1997ರ ಅಕ್ಟೋಬರ್ 26ರ ಹ್ಯಾಲೋವೀನ್ ಹ್ಯಾವಾಕ್ ಅನ್ನುವ ಡಬ್ಲ್ಯುಸಿಡಬ್ಲ್ಯು ಕಾರ್ಯಕ್ರಮ, ಎಡ್ಡಿ ಗೆರೆರೊ ಮತ್ತು ರೇ ಮಿಸ್ಟೀರಿಯೊ. ರೇಯ ಮುಖವಾಡವೇ ಪಣ. ಸುಮಾರು ಹದಿನಾಲ್ಕು ನಿಮಿಷ. ರೇ ಹಾರುವುದನ್ನು ಎಲ್ಲರೂ ನೋಡುತ್ತಾರೆ. ನೀವು ಎಡ್ಡಿಯನ್ನು ನೋಡಿ. ಪ್ರತಿ ಹಾರಾಟಕ್ಕೂ ಸರಿಯಾದ ಜಾಗದಲ್ಲಿ ಸರಿಯಾದ ಹೊತ್ತಿಗೆ ನಿಂತು ಹಿಡಿಯುವವನು ಅವನು.

ಹೆಜ್ಜೆ 8: ಯಾವುದನ್ನು ಮತ್ತೆ ನೋಡಬಾರದು ಅಂತಲೂ ತೀರ್ಮಾನಿಸಿ

1998ರ ಜೂನ್ 28, ಪಿಟ್ಸ್‌ಬರ್ಗ್. ಅಂಡರ್‌ಟೇಕರ್ ಮ್ಯಾನ್‌ಕೈಂಡ್‌ನನ್ನು, ಅಂದರೆ ಮಿಕ್ ಫೋಲಿಯನ್ನು, ರಿಂಗ್ ಸುತ್ತ ಕಟ್ಟಿದ್ದ ಪಂಜರದ ಮೇಲಿನಿಂದ ಕೆಳಗಿನ ಮೇಜಿನ ಮೇಲೆ ಎಸೆದ ಪಂದ್ಯ. ಎತ್ತರ 16 ಅಡಿ. ರೆಸ್ಲಿಂಗ್ ನೋಡದವರೂ ಈ ತುಣುಕು ನೋಡಿರುತ್ತಾರೆ. ಸ್ವಲ್ಪ ಹೊತ್ತಿಗೆ ಫೋಲಿ ಮತ್ತೆ ಮೇಲೆ ಹತ್ತುತ್ತಾನೆ, ಈ ಸಲ ಪಂಜರದ ಚಾವಣಿಯೇ ಕಿತ್ತು ಒಳಗೆ ಬೀಳುತ್ತಾನೆ. ಎರಡನೆಯದು ಯೋಜನೆಯಲ್ಲಿ ಇರಲಿಲ್ಲ. ಆಮೇಲೆ ಟೆರಿ ಫಂಕ್ ರಿಂಗ್‌ಗೆ ಬಂದು ಅಂಡರ್‌ಟೇಕರ್ ಕೈಯಲ್ಲಿ ಹೊಡೆಸಿಕೊಂಡದ್ದು ಫೋಲಿಗೆ ಚೇತರಿಸಿಕೊಳ್ಳಲು ಸಮಯ ಸಿಗಲಿ ಅಂತ. ಇದನ್ನು ಒಮ್ಮೆ ಪೂರ್ತಿ ನೋಡಿ, ಆ ಮನುಷ್ಯ ಎಂಥ ಸ್ಥಿತಿಯಲ್ಲಿ ಪಂದ್ಯ ಮುಗಿಸಿದ ಅಂತ ತಿಳಿಯಲಿ. ಬೀಳುವ ತುಣುಕನ್ನು ಮಾತ್ರ ಮತ್ತೆ ಮತ್ತೆ ಹಾಕಿ ನೋಡುವುದು ನನಗೆ ಸರಿ ಕಾಣುವುದಿಲ್ಲ.

1999ರ ರಾಯಲ್ ರಂಬಲ್ ಕಾರ್ಯಕ್ರಮದ ರಾಕ್–ಮ್ಯಾನ್‌ಕೈಂಡ್ ಪಂದ್ಯವನ್ನು ನಾನು ಯಾರಿಗೂ ತೋರಿಸುವುದಿಲ್ಲ. ಕೈಗೆ ಬೇಡಿ ಹಾಕಿದ ಮನುಷ್ಯನ ತಲೆಗೆ ಮತ್ತೆ ಮತ್ತೆ ಕುರ್ಚಿಯ ಹೊಡೆತ ಬೀಳುತ್ತದೆ. ಇಲ್ಲಿ ಸೆಲ್ಲಿಂಗ್ ಇಲ್ಲ, ನೋವು ನಿಜ. ಆಗ ನಮಗೆ ಗೊತ್ತಿಲ್ಲದ್ದು ಈಗ ಗೊತ್ತಿದೆ, ಮಿದುಳಿಗೆ ಇಂಥ ಪೆಟ್ಟುಗಳು ಏನು ಮಾಡುತ್ತವೆ ಅಂತ. ಜಪಾನಿನ ಮಿತ್ಸುಹಾರು ಮಿಸಾವಾ ವರ್ಷಗಟ್ಟಲೆ ಕುತ್ತಿಗೆಯ ಮೇಲೆ ಬಿದ್ದವನು, 2009ರ ಜೂನ್ 13ರಂದು ಹಿರೋಶಿಮಾದಲ್ಲಿ ಪಂದ್ಯದ ನಡುವೆಯೇ ಬಿದ್ದು ತೀರಿಕೊಂಡ. ಅವನ ಪಂದ್ಯಗಳನ್ನು ನಾನು ಈಗಲೂ ನೋಡುತ್ತೇನೆ, ಆದರೆ ತಲೆ ಅಡಿಯಾಗಿ ಬೀಳುವ ಪಟ್ಟುಗಳಿಗೆ ಚಪ್ಪಾಳೆ ತಟ್ಟಲು ಕೈ ಏಳುವುದಿಲ್ಲ.

ಕ್ರಿಸ್ ಬೆನ್ವಾ ವಿಷಯ ಎಲ್ಲ ಅಭಿಮಾನಿಗಳ ಎದುರಿಗೂ ಬರುತ್ತದೆ. 2007ರಲ್ಲಿ ಅವನು ಹೆಂಡತಿಯನ್ನೂ ಮಗನನ್ನೂ ಕೊಂದು ತಾನೂ ಸತ್ತ. ಅವನ ಪಂದ್ಯಗಳು ಎಷ್ಟೇ ಚೆನ್ನಾಗಿರಲಿ, ನಾನು ನೋಡುವುದಿಲ್ಲ. ನೋಡುವವರ ಜೊತೆ ಜಗಳಕ್ಕೂ ಹೋಗುವುದಿಲ್ಲ. ನಿಮ್ಮ ಗೆರೆ ಎಲ್ಲಿ ಅಂತ ನೀವೇ ಎಳೆದುಕೊಳ್ಳಬೇಕು.

ಹೆಜ್ಜೆ 9: ಎರಡು ಸಾಲು ಬರೆದಿಡಿ

ಪಂದ್ಯದ ಹೆಸರು, ತಾರೀಖು, ಮತ್ತು ಒಂದೇ ಪ್ರಶ್ನೆಗೆ ಉತ್ತರ: ಫಲಿತಾಂಶ ಗೊತ್ತಿದ್ದರೂ ಎಲ್ಲಿ ಒಂದು ಗಳಿಗೆ ನಂಬಿಬಿಟ್ಟಿರಿ? ಎರಡರ ಎಣಿಕೆಗೆ ಜೀವ ಬಾಯಿಗೆ ಬಂದ ಜಾಗ ಯಾವುದು? ಅಷ್ಟು ಸಾಕು. ಅಂಕ, ಪಟ್ಟಿ, ಶ್ರೇಣಿ ಯಾವುದೂ ಬೇಡ. ಒಂದೆರಡು ವರ್ಷದ ಮೇಲೆ ಅದೇ ಪಂದ್ಯ ನೋಡಿದಾಗ ಆ ಜಾಗ ಬದಲಾಗಿರುತ್ತದೆ.

ಹೆಜ್ಜೆ 10: ಹೊಸಬರಿಗೆ ತೋರಿಸಿ

ರೆಸ್ಲಿಂಗ್ ಅಂದರೆ ಮೂಗು ಮುರಿಯುವವರ ಪಕ್ಕ ಕೂತು ನೋಡಿದರೆ ನಿಮಗೇ ಪಂದ್ಯ ಹೊಸದಾಗಿ ಕಾಣುತ್ತದೆ. "ಇದೆಲ್ಲ ನಾಟಕ ಅಲ್ವಾ?" ಅಂತ ಕೇಳುತ್ತಾರೆ. ಹೌದು ಅನ್ನಿ. ಸ್ಯಾವೇಜ್ ತನ್ನ ಪಂದ್ಯವನ್ನು ಹಾಳೆಗಟ್ಟಲೆ ಬರೆದಿಟ್ಟು, ಸ್ಟೀಮ್‌ಬೋಟ್ ಜೊತೆ ಒಂದೊಂದು ಹೆಜ್ಜೆಯನ್ನೂ ಬಾಯಿಪಾಠ ಮಾಡಿಸಿದ್ದ ಅಂತಲೂ ಹೇಳಿ. ಮುಚ್ಚಿಡುವಂಥದ್ದು ಏನೂ ಇಲ್ಲ. ಆದರೆ ಯಾರು ಗೆಲ್ಲುತ್ತಾರೆ ಅಂತ ಮಾತ್ರ ಹೇಳಬೇಡಿ.

ಅವರಿಗೆ ಮೊದಲು ತೋರಿಸಬೇಕಾದದ್ದು ಅಣ್ಣ–ತಮ್ಮಂದಿರ ಪಂದ್ಯ. 1994ರ ಮಾರ್ಚ್ 20, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಬ್ರೆಟ್ ಹಾರ್ಟ್ ಮತ್ತು ಓವನ್ ಹಾರ್ಟ್. ಅಣ್ಣನ ನೆರಳಲ್ಲಿ ಬೆಳೆದ ತಮ್ಮನ ಸಿಟ್ಟು ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಆ ರಾತ್ರಿಯ ಮೊದಲ ಪಂದ್ಯದಲ್ಲೇ ಓವನ್ ಅಣ್ಣನನ್ನು ನೇರವಾಗಿ, ಯಾವ ಮೋಸವೂ ಇಲ್ಲದೆ ಸೋಲಿಸುತ್ತಾನೆ. ಅದೇ ರಾತ್ರಿ ಬ್ರೆಟ್ ಯೊಕೊಜುನಾನನ್ನು ಸೋಲಿಸಿ ವಿಶ್ವ ಪಟ್ಟ ಗೆಲ್ಲುತ್ತಾನೆ. ಎಲ್ಲರೂ ಅವನನ್ನು ಎತ್ತಿ ಕುಣಿಸುವಾಗ ಓವನ್ ಹೊರಗೆ ಬಂದು ದೂರದಿಂದ ನೋಡುತ್ತಾನೆ. ಆ ತುಣುಕನ್ನೂ ಸೇರಿಸಿಯೇ ತೋರಿಸಿ. ಇಲ್ಲದಿದ್ದರೆ ಅರ್ಧ ಕಥೆ ತೋರಿಸಿದ ಹಾಗೆ.

ಅವರಿಗೆ ಹಿಡಿಸಿತು ಅಂದರೆ ಮುಂದಿನದು ಬ್ರೆಟ್–ಆಸ್ಟಿನ್. ಆಮೇಲೆ ಧೈರ್ಯವಾಗಿ ಜಪಾನಿಗೆ ಕರೆದುಕೊಂಡು ಹೋಗಿ: 1995ರ ಜೂನ್ 9, ಮಿಸಾವಾ–ಕೊಬಾಶಿ ಜೋಡಿ, ಎದುರಿಗೆ ಕವಾಡಾ–ತಾವೆ ಜೋಡಿ. ನಲವತ್ತು ನಿಮಿಷ ದಾಟುತ್ತದೆ, ಅದಕ್ಕೆ ಮೊದಲೇ ಒಂದು ವಿಷಯ ಹೇಳಿರಿ: ಕವಾಡಾ ಅಲ್ಲಿಯವರೆಗೆ ಮಿಸಾವಾನನ್ನು ನೆಲಕ್ಕೊತ್ತಿ ಮೂರು ಎಣಿಸಿಕೊಂಡವನೇ ಅಲ್ಲ. ಕೊಬಾಶಿ ಗಾಯವಾದ ಕಾಲಿನಲ್ಲೇ ಆಡುತ್ತಿರುತ್ತಾನೆ. ಕೊನೆಯ ಹೊತ್ತಿಗೆ ಏಳಲೂ ಆಗದವನು ತೆವಳಿಕೊಂಡು ಬಂದು, ಹೊಡೆತ ತಿನ್ನುತ್ತಿರುವ ಮಿಸಾವಾನ ಮೇಲೆ ತನ್ನ ಮೈಯನ್ನೇ ಅಡ್ಡ ಹಾಕಿ ಮಲಗುತ್ತಾನೆ. ಆಗ ಪಕ್ಕದಲ್ಲಿ ಕೂತವರು ಏನಾದರೂ ಕೇಳಿದರೆ ಪಂದ್ಯ ನಿಲ್ಲಿಸಬೇಡಿ, ಆಮೇಲೆ ಉತ್ತರ ಕೊಟ್ಟರಾಯಿತು.